ಬ್ರೇಕಕ್ಕ ಎದ್ದು ಹೋಗದ ಸಭೆ

ಆ ಊರಿನಲ್ಲಿ ಕಾರು ಓಡಿಸಲು ಬರುವವರಲ್ಲಿ ಮುಕ್ಕಾಲು ಪಾಲು ಮಂದಿ ಅವಳಿಂದ ಬೈಸಿಕೊಂಡು ಕಲಿತವರೇ. ಅವಳ ಡ್ರೈವಿಂಗ್ ಶಾಲೆಯ ಬೋರ್ಡಿನ ಮೇಲೆ ಒಂದು ಅಂದವಾದ ಹೆಸರಿತ್ತು. ಅದನ್ನು ಬರೆಸಲು ಅವಳ ಗಂಡ ಪೇಂಟರನ ಹಿಂದೆ ವಾರಗಟ್ಟಲೆ ಅಲೆದಿದ್ದ. ಅಷ್ಟೆಲ್ಲ ಅಲೆದು ಏನು ಬಂತು, ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಊರಿಗೆಲ್ಲ ಅವಳು ಬ್ರೇಕಕ್ಕ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಸದಾ ಪಾದ ಇಟ್ಟುಕೊಂಡು, ಅದನ್ನು ಒತ್ತುವ ಮೊದಲೇ "ಬ್ರೇಕ್" ಎಂದು ಒಂದು ಕೂಗು ಹಾಕುತ್ತಿದ್ದಳಲ್ಲ, ಅದು ಪಕ್ಕದ ಬೀದಿಗೂ ಕೇಳುತ್ತಿತ್ತು. ಬ್ಯಾಂಕಿನ ಮ್ಯಾನೇಜರೇ ಇರಲಿ, ಡಾಕ್ಟರೇ ಇರಲಿ, ಅವಳ ಪಕ್ಕ ಕೂತು ಸ್ಟಿಯರಿಂಗ್ ಹಿಡಿದರೆ ಸಾಕು, ಬೆವರು ಕಿತ್ತುಕೊಂಡು ಬರುತ್ತಿತ್ತು.

ಬಾಯಿ ಜೋರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೈದದ್ದನ್ನು ಕಾರಿನಿಂದ ಇಳಿಯುವಷ್ಟರಲ್ಲಿ ಮರೆತುಬಿಡುವ ಜಾಯಮಾನ ಅವಳದು. ಬೆಳಿಗ್ಗೆ ಪಾಠ, ಮಧ್ಯಾಹ್ನ ಮನೆಗೆ ಬಂದು ಅತ್ತೆಯ ಜೊತೆ ಊಟ, ಸ್ವಲ್ಪ ಹೊತ್ತು ಕಾಲು ಚಾಚಿ ಮಲಗುವುದು, ಸಂಜೆ ಮತ್ತೆ ಪಾಠ. ಗಂಡ ಮೆಕ್ಯಾನಿಕ್. ಹೆಂಡತಿಯ ಶಿಷ್ಯರು ತುಳಿದೂ ತುಳಿದೂ ಹಾಳು ಮಾಡಿದ ಕ್ಲಚ್ಚನ್ನು ಬಿಚ್ಚಿ ಕೂರುವುದು ಅವನ ಪಾಲಿನ ಕೆಲಸ. ಅವನಿಗೆ ಮಾತು ಕಡಿಮೆ. "ನನ್ನ ಪಾಲಿನದನ್ನೂ ಅವಳೇ ಆಡಿ ಮುಗಿಸ್ತಾಳೆ, ನನಗೇನು ಉಳಿಯುತ್ತೆ" ಎಂದು ನಗುತ್ತಿದ್ದ. ಅತ್ತೆಗೆ ವಯಸ್ಸಾಗಿತ್ತು, ಮೊಣಕಾಲು ಕೈಕೊಟ್ಟಿತ್ತು, ನಾಲಿಗೆ ಮಾತ್ರ ಹೊಸದರಂತೆ ಓಡುತ್ತಿತ್ತು. ಸೊಸೆಗೂ ಅತ್ತೆಗೂ ದಿನಕ್ಕೊಂದು ಸಲ ಜಟಾಪಟಿ ಆಗದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ಒಟ್ಟಿನಲ್ಲಿ ನೆಮ್ಮದಿಯ ಸಂಸಾರ.

ಈ ಬ್ರೇಕಕ್ಕನಿಗೆ ಇನ್ನೊಂದು ಕೆಲಸವೂ ಇತ್ತು. ಅವಳು ಊರಿನ ಯೋಜನಾ ಸಮಿತಿಯ ಸದಸ್ಯೆ. ಯೋಜನೆ ಎಂದರೆ ಏನೋ ಭಾರೀ ಎಂದುಕೊಳ್ಳಬೇಡಿ. ಪುರಸಭೆಯ ಮಹಡಿಯಲ್ಲಿ, ನೀರಿನ ಬಿಲ್ಲು ಕಟ್ಟುವ ಕೌಂಟರಿನ ನೆತ್ತಿಯ ಮೇಲೆ, ಒಂದು ಉದ್ದದ ಮೇಜು, ಐದು ಕುರ್ಚಿ, ಗೋಡೆಗೆ ಬಣ್ಣ ಬಣ್ಣದ ಊರಿನ ನಕ್ಷೆ. ಹಳದಿ ಇದ್ದಲ್ಲಿ ಮನೆ, ಕೆಂಪು ಇದ್ದಲ್ಲಿ ಅಂಗಡಿ, ನೇರಳೆ ಇದ್ದಲ್ಲಿ ಕಾರ್ಖಾನೆ. ಹಳದಿಯಲ್ಲಿ ಇರುವವನಿಗೆ ಅಂಗಡಿ ತೆರೆಯುವ ಆಸೆ ಹುಟ್ಟಿದರೆ, ಕೆಂಪಿನಲ್ಲಿ ಇರುವವನಿಗೆ ಗ್ಯಾರೇಜಿನ ಹುಚ್ಚು ಹಿಡಿದರೆ, ಅವನು ಆ ಮೇಜಿನ ಮುಂದೆ ಬಂದು ನಿಲ್ಲಬೇಕು. ಆಗಬಹುದೋ ಆಗಬಾರದೋ, ಆಗುವುದಾದರೆ ಯಾವ ಷರತ್ತಿನ ಮೇಲೆ, ಇಷ್ಟನ್ನು ಆ ಐವರು ಹೇಳುತ್ತಿದ್ದರು. ಸಂಬಳವಿಲ್ಲ. ಒಂದು ಲೋಟ ಟೀ, ಎರಡು ಬಿಸ್ಕತ್ತು, ಮಾರನೆಯ ದಿನ ಮಾರ್ಕೆಟ್ಟಿನಲ್ಲಿ ಒಂದಷ್ಟು ಬೈಗುಳ, ಅಷ್ಟೇ ಸಿಗುತ್ತಿದ್ದದ್ದು.

ಅಧ್ಯಕ್ಷರು ನಿವೃತ್ತ ಪೋಸ್ಟ್‌ಮಾಸ್ಟರು. ಯಾವ ವಿಷಯ ಬಂದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದರಲ್ಲಿ ಅವರದು ಎತ್ತಿದ ಕೈ. ಔಷಧಿ ಅಂಗಡಿಯವರು ಇನ್ನೊಬ್ಬರು, ಎಲ್ಲದಕ್ಕೂ ಮೊದಲು ಬೇಡ ಎಂದು ಆಮೇಲೆ ಯೋಚಿಸುವವರು. ಮೂರನೆಯವರು ಒಬ್ಬ ಕಟ್ಟಡದ ಕಂಟ್ರಾಕ್ಟರು, ನಾಲ್ಕನೆಯವರು ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಸು. ಐದನೆಯವಳು ಬ್ರೇಕಕ್ಕ. ರಸ್ತೆ ಗೊತ್ತಿರುವವರು ಒಬ್ಬರಾದರೂ ಇರಲಿ ಎಂದು ಅವಳನ್ನು ಹಾಕಿದ್ದರು.

ಆ ಸಮಿತಿಗೆ ಎರಡು ಪದ್ಧತಿಗಳಿದ್ದವು. ಒಂದು, ನಿಂತು ನೋಡುವುದು. ತೀರ್ಮಾನಕ್ಕೆ ಮುಂಚೆ ಸದಸ್ಯರು ಆ ಜಾಗಕ್ಕೆ ಹೋಗಿ, ಒಬ್ಬೊಬ್ಬರು ಒಂದೊಂದು ನೆರೆಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಬೇಕು. ಆ ಬಾಗಿಲಿನಿಂದ ಏನು ಕಾಣುತ್ತದೆ, ಏನು ಕೇಳಿಸುತ್ತದೆ, ಯಾವ ವಾಸನೆ ಬರುತ್ತದೆ ನೋಡಬೇಕು. ಇನ್ನೊಂದು, ಎದ್ದು ಹೋಗುವುದು. ಅರ್ಜಿ ಹಾಕಿದವರು ಸಂಬಂಧಿಕರಾಗಿದ್ದರೆ, ಅಥವಾ ಆ ಜಾಗದಲ್ಲಿ ಸದಸ್ಯರಿಗೇ ಏನಾದರೂ ಲಾಭ ನಷ್ಟ ಇದ್ದರೆ, ಅದನ್ನು ಗಟ್ಟಿಯಾಗಿ ಹೇಳಿ ಹೊರಗಿನ ಬೆಂಚಿನ ಮೇಲೆ ಹೋಗಿ ಕೂರಬೇಕು. ಊರು ಚಿಕ್ಕದು, ಯಾರನ್ನು ಮುಟ್ಟಿದರೂ ಯಾರಿಗೋ ಷಡ್ಡಕನೋ ಬೀಗನೋ ಆಗಿರುತ್ತಾನೆ. ಹಾಗಾಗಿ ಆ ಬೆಂಚು ಖಾಲಿ ಇದ್ದದ್ದೇ ಕಡಿಮೆ. ಒಮ್ಮೆ ಔಷಧಿ ಅಂಗಡಿಯವರು ಎದ್ದು ನಿಂತು, "ಇವರು ನಮ್ಮ ನಾದಿನಿ ಗಂಡನ ಚಿಕ್ಕಪ್ಪನ ಅಳಿಯ" ಎಂದಾಗ ಪೋಸ್ಟ್‌ಮಾಸ್ಟರು ಬೆರಳು ಮಡಚಿ ಲೆಕ್ಕ ಹಾಕಿ, "ಕೂತ್ಕೊಳ್ಳಿ ಸ್ವಾಮಿ, ಅಷ್ಟು ದೂರ ನಾನು ಕಾಗದಾನೂ ಕಳಿಸಿರಲಿಲ್ಲ" ಎಂದಿದ್ದರು.

ಈ ಎರಡನೆಯ ಪದ್ಧತಿಯನ್ನು ಬಿಗಿ ಮಾಡಿದವಳು ಬ್ರೇಕಕ್ಕನೇ. ಮೊದಲೆಲ್ಲ ಹೇಳಿ ಕೂತೇ ಇರುತ್ತಿದ್ದರು. ಒಂದು ಸಲ ಕಂಟ್ರಾಕ್ಟರು ತಮ್ಮದೇ ಪಾಲಿರುವ ಕಟ್ಟಡದ ವಿಷಯ ಬಂದಾಗ ಕೂತಲ್ಲೇ ಕೆಮ್ಮುತ್ತಾ, ಸನ್ನೆ ಮಾಡುತ್ತಾ ಇದ್ದರು. ಬ್ರೇಕಕ್ಕ ನೋಡುವಷ್ಟು ನೋಡಿ, "ಕೆಮ್ಮೋದಾದ್ರೆ ಹೊರಗೆ ಹೋಗಿ ಕೆಮ್ಮಿ" ಎಂದು ಅವರನ್ನು ಎಬ್ಬಿಸಿ ಕಳಿಸಿದಳು. ಅಂದಿನಿಂದ ಹೊರಗೆ ಹೋಗುವುದೇ ರೂಢಿಯಾಯಿತು. ನಿಯಮದ ಪುಸ್ತಕದಲ್ಲಿ ಏನಿದೆ ಎಂದು ಆಮೇಲೆ ಯಾರೂ ತೆಗೆದು ನೋಡಲಿಲ್ಲ.

ಹೀಗಿರುವಾಗ ಮರದ ಡಿಪೋ ಜಾಗದ ಅರ್ಜಿ ಬಂತು.

ಟೈಲರುಗಳ ಬೀದಿಯ ತುದಿಯಲ್ಲಿ ಹಿಂದೆ ಒಂದು ಮರದ ಡಿಪೋ ಇತ್ತು. ಅದು ಮುಚ್ಚಿಹೋಗಿ, ಜಾಗ ಬಯಲಾಗಿ ಉಳಿದಿತ್ತು. ಅದರ ಯಜಮಾನರು ಬೇರೆ ಊರಿನಲ್ಲಿದ್ದ ಮುದುಕರು. "ಕಳೆ ಬೆಳೆಯದ ಹಾಗೆ ನೋಡಿಕೋ ತಾಯಿ, ನಿನ್ನ ಕಾರು ಓಡಿಸಿಕೋ" ಎಂದು ಬ್ರೇಕಕ್ಕನಿಗೆ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದರು. ಸ್ಟಿಯರಿಂಗ್ ಹಿಡಿಯಲೂ ಬಾರದವರು ಮೊದಲು ಸುತ್ತು ಹಾಕುತ್ತಿದ್ದದ್ದು ಅಲ್ಲಿ. ರಸ್ತೆಗೆ ಇಳಿಯುವ ಮೊದಲಿನ ತಪ್ಪನ್ನೆಲ್ಲ ಅಲ್ಲೇ ಮಾಡಿ ಮುಗಿಸುತ್ತಿದ್ದರು. ಗೋಡೆಯ ಮೂಲೆ ಮೂಲೆಯಲ್ಲೂ ಬಂಪರು ತಾಗಿದ ಗುರುತಿತ್ತು. ಅಂಥ ಇನ್ನೊಂದು ಬಯಲು ಊರಿನಲ್ಲಿ ಇರಲಿಲ್ಲ. ಆ ಜಾಗವಿದ್ದದ್ದರಿಂದಲೇ ಶಾಲೆ ನಡೆಯುತ್ತಿತ್ತು, ಇದು ಎಲ್ಲರಿಗೂ ಗೊತ್ತಿತ್ತು.

ಮುದುಕರು ತೀರಿಕೊಂಡರು. ಅವರ ಮಕ್ಕಳು ಜಾಗವನ್ನು ಮಾರಲು ಹೊರಟರು, ಕೊಳ್ಳಲು ಮುಂದೆ ಬಂದವನು ಬ್ರೆಡ್ಡಿನವನು. ಅವನ ಬೇಕರಿ ಇದ್ದ ಹಳೆಯ ಕಟ್ಟಡವನ್ನು ಕೆಡವುತ್ತಿದ್ದರು. ಕೆಳಗೆ ಬೇಕರಿ, ಮೇಲೆ ಮನೆ ಕಟ್ಟಿಕೊಳ್ಳುತ್ತೇನೆ, ಹಳದಿ ಜಾಗವನ್ನು ಕೆಂಪು ಮಾಡಿಕೊಡಿ ಎಂದು ಅವನ ಅರ್ಜಿ. ತಿಂಗಳ ಕೊನೆಯೊಳಗೆ ಸಮಿತಿ ಒಪ್ಪಿದರೆ ಮಾರಾಟ, ಇಲ್ಲದಿದ್ದರೆ ಮಾತು ಮುರಿದ ಹಾಗೆ ಎಂದು ಮುದುಕರ ಮಕ್ಕಳು ಖಡಾಖಂಡಿತವಾಗಿ ಹೇಳಿದ್ದರು. ಜಾಗ ಸಿಗದಿದ್ದರೆ ಬ್ರೆಡ್ಡಿನವನು ಒಲೆ ಆರಿಸಿ, ಇನ್ಯಾವುದೋ ಊರಿನ ಇನ್ಯಾರದೋ ಬೇಕರಿಯಲ್ಲಿ ಹಿಟ್ಟು ನಾದಲು ಹೋಗಬೇಕು. ಅವನ ಅಪ್ಪನ ಕಾಲದಿಂದ ಉರಿದ ಒಲೆ ಅದು.

ಈ ಬ್ರೆಡ್ಡಿನವನು ಬ್ರೇಕಕ್ಕನ ಶಿಷ್ಯರಲ್ಲೆಲ್ಲ ಅತಿ ದಡ್ಡ. ಮುಂದಕ್ಕೆ ಹೇಗೋ ಹೋಗುತ್ತಿದ್ದ, ರಿವರ್ಸ್ ಹಾಕಿದನೆಂದರೆ ಯಾವ ದಿಕ್ಕಿಗೆ ಹೋಗುತ್ತಾನೆಂದು ಅವನಿಗೇ ತಿಳಿಯುತ್ತಿರಲಿಲ್ಲ. ಡಿಪೋ ಗೋಡೆಯ ಗುರುತುಗಳಲ್ಲಿ ಅರ್ಧ ಅವನವೇ.

ಅರ್ಜಿಯ ಸುದ್ದಿ ತಿಳಿದ ದಿನ ಬ್ರೇಕಕ್ಕ ಊಟಕ್ಕೆ ಕೂತವಳು ತಟ್ಟೆಯಲ್ಲೇ ಬೆರಳಾಡಿಸುತ್ತಿದ್ದಳು. "ಏನೇ, ಉಪ್ಪು ಜಾಸ್ತಿಯಾಯ್ತಾ" ಎಂದರು ಅತ್ತೆ. "ಉಪ್ಪಲ್ಲ ಅತ್ತೆ, ಹೊಟ್ಟೆ ಮೇಲೆ ಹೊಡೀತಾ ಇದ್ದಾರೆ" ಎಂದಳು. ಗಂಡ ಮಾತ್ರ ನಿಶ್ಚಿಂತೆಯಾಗಿದ್ದ. ಅವನು ಆಗಲೇ ಲೆಕ್ಕ ಹಾಕಿ ಮುಗಿಸಿದ್ದ.

"ಹೆಡ್‌ಮಿಸ್ಸು ಕಾಲು ಮುರ್ಕೊಂಡು ಪ್ಲಾಸ್ಟರ್ ಹಾಕಿಸ್ಕೊಂಡು ಮಲಗಿದ್ದಾರೆ. ಕಂಟ್ರಾಕ್ಟರು ಬ್ರೆಡ್ಡಿನವನ ಅಕ್ಕನ ಗಂಡ, ಎದ್ದು ಹೋಗ್ಲೇಬೇಕು. ನೀನೂ ಎದ್ದು ಹೋಗ್ಲೇಬೇಕು, ನಿನ್ನ ಪಾಠದ ಜಾಗ ಅದು. ಉಳಿಯೋದು ಇಬ್ಬರು. ಮೂವರಿಲ್ಲದೆ ಸಭೆ ನಡೆಯಲ್ಲ. ತಿಂಗಳು ಮುಗಿಯುತ್ತೆ. ಜಾಗ ಹಾಗೇ ಉಳಿಯುತ್ತೆ. ನೀನು ಯಾರಿಗೂ ಕೆಟ್ಟವಳಾಗಲ್ಲ" ಎಂದ. ಅವನ ಆಯುಷ್ಯದಲ್ಲೇ ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು.

ಬ್ರೇಕಕ್ಕನ ಮುಖ ಅರಳಿತು. ನಿಜವೇ. ಏನೂ ಮಾಡಬೇಕಾಗಿಲ್ಲ. ಕುರ್ಚಿ ಹಿಂದಕ್ಕೆ ಸರಿಸಿ, ಎದ್ದು, ಹೊರಗೆ ಹೋಗಿ ಕೂತರೆ ಸಾಕು. ಜನ ನೋಡಿ, ಎಂಥಾ ನಿಯತ್ತಿನ ಹೆಂಗಸು ಎನ್ನುತ್ತಾರೆ. ಅವಳು ಇನ್ನೊಂದು ಸಲ ಅನ್ನ ಹಾಕಿಸಿಕೊಂಡಳು.

ನಿಂತು ನೋಡುವ ದಿನ ಬಂತು. ಬೇಕರಿ ಬಂದರೆ ಅದರ ವ್ಯಾನು ಓಡಾಡುವ ಬೆಳಗಿನ ಹೊತ್ತಿಗೇ ಹೋಗಬೇಕೆಂದು ಪೋಸ್ಟ್‌ಮಾಸ್ಟರು ಹೇಳಿದ್ದರು. ಸಭೆಯಲ್ಲಿ ಎದ್ದು ಹೋಗುವವರು ಇದಕ್ಕೂ ಬರಬಾರದೆಂದು ಎಲ್ಲಿಯೂ ಇರಲಿಲ್ಲ, ಆದರೆ ಕಂಟ್ರಾಕ್ಟರು ಬರಲಿಲ್ಲ. ಬ್ರೇಕಕ್ಕ ಮಾತ್ರ ಹೋದಳು. ಆ ಜಾಗದ ವಿಷಯದಲ್ಲಿ ಅವಳು ಮನೆಯಲ್ಲಿ ಕೂರುವುದು ಸಾಧ್ಯವೇ ಇರಲಿಲ್ಲ. ಪೋಸ್ಟ್‌ಮಾಸ್ಟರು ಬೀದಿಯ ಬಾಯಲ್ಲಿ ನಿಂತರು, ಔಷಧಿ ಅಂಗಡಿಯವರು ಹಿಂದಿನ ಓಣಿಯ ಮನೆಯ ಮುಂದೆ. ಬ್ರೇಕಕ್ಕನ ಪಾಲಿಗೆ ಬಂದದ್ದು ಡಿಪೋ ಗೋಡೆಗೆ ಅಂಟಿದ ಮನೆ. ಅಲ್ಲಿ ಒಬ್ಬ ಟೈಲರಮ್ಮ ಇದ್ದಳು. ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಬಿಳಿ ಅಂಗಿ ಹೊಲಿಯುವವಳು.

ವಿಚಿತ್ರ ನೋಡಿ. ಊರಿನ ಎಷ್ಟೋ ಬಾಗಿಲುಗಳಲ್ಲಿ ನಿಂತಿದ್ದ ಬ್ರೇಕಕ್ಕ ಈ ಬಾಗಿಲಿಗೆ ಒಮ್ಮೆಯೂ ಬಂದಿರಲಿಲ್ಲ. ಗೋಡೆಯ ಆಚೆ ಬದಿಯನ್ನು ಮಾತ್ರ ಬಲ್ಲವಳು. ಟೈಲರಮ್ಮ ಹೊಲಿಗೆ ನಿಲ್ಲಿಸಲಿಲ್ಲ.

"ಹೊಗೆ ಬಂದ್ರೆ ನನ್ನ ಬಿಳಿ ಬಟ್ಟೆ ಕಥೆ ಮುಗೀತು, ಬರ್ಕೊಳ್ಳಿ" ಎಂದಳು. "ವ್ಯಾನು ಹಿಂದಕ್ಕೆ ಬರೋವಾಗ ಕುಯ್ ಕುಯ್ ಅನ್ನುತ್ತಲ್ಲ, ಅದೂ ಬೇಡ. ಬರ್ಕೊಳ್ಳಿ."

"ಬರ್ಕೊಂಡೆ. ಇನ್ನೇನಾದ್ರೂ?"

ಟೈಲರಮ್ಮ ದಾರ ಕಚ್ಚಿ ತುಂಡು ಮಾಡಿ ತಲೆ ಎತ್ತಿದಳು. "ಬೇಕರಿ ಬರೋ ಮುಂಚೆ ನನ್ನ ಕೇಳೋಕೆ ಬಂದಿದ್ದೀರಿ, ಸಂತೋಷ. ನಿಮ್ಮ ಡ್ರೈವಿಂಗ್ ಶಾಲೆ ಬರೋ ಮುಂಚೆ ಯಾರೂ ಬರಲಿಲ್ಲ. ಇಷ್ಟು ವರ್ಷ ಬೆಳಿಗ್ಗೆ ಎದ್ದರೆ ನಿಮ್ಮ ಬ್ರೇಕು, ಮಲಗೋಣ ಅಂದ್ರೆ ನಿಮ್ಮ ಬ್ರೇಕು. ನನ್ನ ಮಗಳು ಮೊದಲು ಆಡಿದ ಮಾತು ಅಮ್ಮ ಅಂತ ಅಲ್ಲ ಅಕ್ಕ, ಬ್ರೇಕ್ ಅಂತ."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಬ್ರೇಕಕ್ಕ ಒಂದಕ್ಕೆ ನಾಲ್ಕು ಹಾಕಿ ಹಿಂತಿರುಗಿಸುತ್ತಿದ್ದಳು. ಅಂದು ಬರೆದುಕೊಳ್ಳುತ್ತಿದ್ದ ಕಾಗದವನ್ನು ಮಡಚಿಕೊಂಡಳು. ಹೌದಲ್ಲ, ಹಳದಿ ಜಾಗದಲ್ಲಿ ಡ್ರೈವಿಂಗ್ ಕಲಿಸಬಹುದೇ ಎಂದು ಅವಳು ಯಾರನ್ನು ಕೇಳಿದ್ದಳು? ಊರಿನವರ ಅಂಗಡಿ, ಗ್ಯಾರೇಜು, ಹಿತ್ತಿಲ ಶೆಡ್ಡು ಎಲ್ಲದಕ್ಕೂ ಷರತ್ತು ಹಾಕುವ ಮೇಜಿನ ಮುಂದೆ ತಾನೇ ಒಮ್ಮೆಯೂ ನಿಂತಿರಲಿಲ್ಲ. ಮರೆತಿದ್ದಳು ಎಂದರೆ ಸುಳ್ಳು, ಅದು ಕೇಳಬೇಕಾದ ವಿಷಯ ಎಂದೇ ಅವಳಿಗೆ ಹೊಳೆದಿರಲಿಲ್ಲ. ಸಮಿತಿಯಲ್ಲಿ ಉಳಿದವರಿಗೂ ಹೊಳೆದಿರಲಿಲ್ಲ, ಏಕೆಂದರೆ ಅವರೆಲ್ಲ ಅಲ್ಲೇ ಕಾರು ಕಲಿತಿದ್ದರು. ಅವಳ ಕಿವಿ ಬಿಸಿಯಾಯಿತು. "ತಪ್ಪಾಯ್ತು ಕಣಮ್ಮ" ಎಂದಳು. ಟೈಲರಮ್ಮ ಅದನ್ನು ನಿರೀಕ್ಷಿಸಿರಲಿಲ್ಲ. ಟೀ ಕುಡಿಯುತ್ತೀರಾ ಎಂದು ಕೇಳಿದಳು.

ಅಲ್ಲಿಂದ ಮುಂದೆ ಸಭೆಯ ದಿನದವರೆಗೂ ಬ್ರೇಕಕ್ಕನಿಗೆ ನೆಮ್ಮದಿ ಇರಲಿಲ್ಲ. ಎದ್ದು ಹೋಗುವ ಪದ್ಧತಿ ಯಾಕೆ ಇದೆ? ಲಾಭ ಇರುವವರು ತಮ್ಮ ಲಾಭ ಮಾಡಿಕೊಳ್ಳಬಾರದು ಎಂದು. ಈ ಸಲ ಎದ್ದು ಹೋದರೇ ಲಾಭ. ನಿಯತ್ತಿನ ಮುಖ ಹಾಕಿಕೊಂಡು ಹೊರಗೆ ಕೂತು, ಒಬ್ಬನ ಒಲೆಯನ್ನು ಆರಿಸಿ ಬರುವುದು, ಮೇಲಿಂದ ಶಭಾಸ್ ಅನ್ನಿಸಿಕೊಳ್ಳುವುದು. ಹಾಗಂತ ಕೂತರೆ, ತಾನೇ ಹಾಕಿದ ಗೆರೆಯನ್ನು ತಾನೇ ದಾಟಿದ ಹಾಗೆ. ಯಾವ ಕಡೆ ತಿರುಗಿದರೂ ಗೋಡೆ. ಪಾಠದ ಹೊತ್ತಿನಲ್ಲಿ ಒಬ್ಬ ಶಿಷ್ಯ ಚರಂಡಿಯ ಹತ್ತಿರ ಹೋದರೂ ಅವಳು ಕೂಗಲಿಲ್ಲ. ಪಾಪ, ಅವನೇ ಹೆದರಿ ಕಾರು ನಿಲ್ಲಿಸಿ, "ಅಕ್ಕ, ಹುಷಾರಿಲ್ವಾ" ಎಂದು ಕೇಳಿದ.

ಸಭೆಯ ಹಿಂದಿನ ದಿನ ಅತ್ತೆಯ ಮುಂದೆ ಎಲ್ಲ ತೋಡಿಕೊಂಡಳು. ಅತ್ತೆ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೇಳಿಸಿಕೊಂಡರು.

"ಜಾಗ ಹೋದ್ರೆ ಶಾಲೆ ಹೋಗುತ್ತಾ?"

"ಹೋದ್ರೂ ಹೋಗಬಹುದು ಅತ್ತೆ. ಏನೂ ಬರದವರನ್ನ ನೇರ ರಸ್ತೆಗೆ ಇಳಿಸಿದ್ರೆ ಯಾರು ಸೇರ್ತಾರೆ?"

"ಹೋದ್ರೆ ನನ್ನ ಮಗ ದುಡಿದು ಹಾಕ್ತಾನೆ, ಉಪವಾಸ ಏನೂ ಬೀಳಲ್ಲ. ಆದ್ರೆ ನೀನು ಹೀಗೆ ಬಾಯಿ ಮುಚ್ಕೊಂಡು ಮನೇಲಿ ಓಡಾಡಿದ್ರೆ ಮಾತ್ರ ನನ್ನ ಕೈಲಿ ತಡ್ಕೊಳ್ಳೋಕೆ ಆಗಲ್ಲ. ಏನು ಮಾಡ್ತೀಯೋ ಮಾಡು, ಮಾಡಿ ಬಂದು ಜಗಳ ಆಡು" ಎಂದರು.

ಸಭೆಯ ದಿನ ಮಹಡಿಯ ಕೋಣೆ ತುಂಬಿತ್ತು. ಬ್ರೆಡ್ಡಿನವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಂಡತಿಯ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದ. ಟೈಲರಮ್ಮ ಹಿಂದೆ. ಪೋಸ್ಟ್‌ಮಾಸ್ಟರು ಕನ್ನಡಕ ಒರೆಸಿ, "ಮರದ ಡಿಪೋ ಜಾಗದ ವಿಷಯ. ಸಂಬಂಧ ಇರೋರು ಹೇಳಿ" ಎಂದರು.

ಕಂಟ್ರಾಕ್ಟರು ಎದ್ದರು. "ಅರ್ಜಿದಾರ ನನ್ನ ಹೆಂಡ್ತಿ ತಮ್ಮ. ಹೊರಗಿರ್ತೀನಿ" ಎಂದು, ಬ್ರೇಕಕ್ಕನ ಕಡೆ ಒಂದು ನೋಟ ಬೀರಿ, ಟೀ ಲೋಟವನ್ನೂ ಎತ್ತಿಕೊಂಡು ಹೊರಟರು. ಈಗ ಎಲ್ಲರ ಕಣ್ಣೂ ಅವಳ ಮೇಲೆ.

"ನನಗೂ ಸಂಬಂಧ ಇದೆ" ಎಂದಳು ಬ್ರೇಕಕ್ಕ. "ನಾನು ಅಲ್ಲೇ ಕಲಿಸೋದು, ನನ್ನ ಅನ್ನದ ಜಾಗ ಅದು. ಬೇಕರಿ ಬಂದ್ರೆ ನನಗೆ ನಷ್ಟ. ಇನ್ನೊಂದು. ಅಲ್ಲಿ ಕಲಿಸೋಕೆ ನಾನು ಈ ಸಮಿತೀನ ಯಾವತ್ತೂ ಕೇಳಿಲ್ಲ."

ಬರೆದುಕೊಳ್ಳುತ್ತಿದ್ದ ಕಾರ್ಯದರ್ಶಿ ಹುಡುಗಿ ಪೆನ್ನು ನಿಲ್ಲಿಸಿದಳು. "ಇದನ್ನೂ ಬರೀಲಾ ಮೇಡಂ?"

"ಬರಿ."

ಔಷಧಿ ಅಂಗಡಿಯವರು ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ನೀವೂ ಎದ್ದು ಹೋದ ಹಾಗಾಯ್ತು. ಇಬ್ಬರಲ್ಲಿ ಸಭೆ ಆಗಲ್ಲ. ಮುಂದಕ್ಕೆ ಹಾಕೋಣ" ಎಂದರು. ಬ್ರೆಡ್ಡಿನವನ ಹೆಂಡತಿ ಸದ್ದಾಗದಂತೆ ಮುಖಕ್ಕೆ ಸೆರಗು ಒತ್ತಿಕೊಂಡಳು. ಅದನ್ನು ನೋಡಿದ ಮೇಲೆ ಬ್ರೇಕಕ್ಕನಿಗೆ ಇನ್ನು ಯೋಚಿಸಲು ಏನೂ ಉಳಿಯಲಿಲ್ಲ.

"ನಾನು ಎದ್ದು ಹೋದ್ರೆ ಜಾಗ ನನಗೇ ಉಳಿಯುತ್ತೆ" ಎಂದಳು. "ಎದ್ದು ಹೋಗೋದರಲ್ಲೇ ನನ್ನ ಲಾಭ ಇರೋದು. ಅದಕ್ಕೇ ಹೋಗಲ್ಲ. ನಿಯಮದಲ್ಲಿ ಏನಿದೆ ಓದಮ್ಮ."

ಕಾರ್ಯದರ್ಶಿ ಹುಡುಗಿ ಕಪಾಟಿನಿಂದ ಪುಸ್ತಕ ತೆಗೆದು ಧೂಳು ಕೊಡವಿ ಓದಿದಳು. ಸಂಬಂಧವಿರುವ ಸದಸ್ಯರು ಅದನ್ನು ಸಭೆಗೆ ತಿಳಿಸತಕ್ಕದ್ದು, ಅರ್ಜಿದಾರರೂ ಉಳಿದ ಸದಸ್ಯರೂ ಒಪ್ಪಿದರೆ ಕೂರಬಹುದು. ಹೊರಗೆ ಹೋಗಬೇಕೆಂದು ಅಲ್ಲಿ ಒಂದಕ್ಷರವೂ ಇರಲಿಲ್ಲ. ತೆರೆದ ಬಾಗಿಲಿನಿಂದ ಕಂಟ್ರಾಕ್ಟರ ದನಿ ಬಂತು. "ಹಾಗಾದ್ರೆ ಇಷ್ಟು ವರ್ಷ ನಾನು ಈ ಹಲಗೆ ಮೇಲೆ ಕೂತು ಸೊಂಟ ನೋಯಿಸ್ಕೊಂಡಿದ್ದು ಯಾಕೆ?" ಕೋಣೆಯೆಲ್ಲ ನಕ್ಕಿತು. ಬ್ರೇಕಕ್ಕನೂ ನಕ್ಕಳು. "ಕೆಮ್ಮಿದ್ದಕ್ಕೆ" ಎಂದಳು.

ಪೋಸ್ಟ್‌ಮಾಸ್ಟರು ತಮಗೆ ಅಡ್ಡಿಯಿಲ್ಲ ಎಂದರು, ಔಷಧಿ ಅಂಗಡಿಯವರು ಬೇಡ ಎಂದು ಆಮೇಲೆ ಯೋಚಿಸಿ ಇರಲಿ ಎಂದರು. ಉಳಿದವನು ಅರ್ಜಿದಾರ. "ನಿನ್ನ ಅರ್ಜಿ ಒಪ್ಪಿದ್ರೆ ನಷ್ಟ ಆಗೋದು ಇವರಿಗೆ. ಇವರೇ ಕೂತು ತೀರ್ಮಾನ ಮಾಡಿದ್ರೆ ನಿನಗೆ ಒಪ್ಪಿಗೇನಾ?" ಎಂದು ಪೋಸ್ಟ್‌ಮಾಸ್ಟರು ಕೇಳಿದರು.

ಬ್ರೆಡ್ಡಿನವನು ಎದ್ದು ನಿಂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಹಿಂದಕ್ಕೆ ಕಟ್ಟಿಕೊಂಡ. "ಅಕ್ಕ ನನ್ನನ್ನ ಮೂರು ಸಲ ಲೈಸೆನ್ಸ್ ಟೆಸ್ಟಿಗೆ ಕಳಿಸದೆ ವಾಪಸ್ ಪಾಠಕ್ಕೆ ಕೂರಿಸಿದ್ರು ಸರ್. ಆವಾಗ ಸಿಟ್ಟು ಬಂದಿತ್ತು. ಆದ್ರೆ ಮೂರು ಸಲಾನೂ ತಪ್ಪು ನಂದೇ. ಅಕ್ಕ ಕೂತಿರ್ಲಿ" ಎಂದ.

ಬ್ರೇಕಕ್ಕ ಮೇಜಿನ ಮೇಲಿದ್ದ ಬೇಕರಿಯ ನಕ್ಷೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅಲ್ಲಿಂದ ಆಮೇಲೆ ಅವಳು ಅವನನ್ನು ಹುರಿದದ್ದು ಹುರಿದದ್ದೇ. ಚಿಮಣಿ ಎಷ್ಟು ಎತ್ತರ? ಟೈಲರಮ್ಮನ ಮನೆಯ ಸೂರಿಗಿಂತ ಕೆಳಗಾ? ಹಾಗಾದರೆ ಹೊಗೆ ಎಲ್ಲಿ ಹೋಗುತ್ತೆ, ಅವಳ ಬಿಳಿ ಅಂಗಿಗೆ ತಾನೆ? ಎತ್ತರಿಸು. ವ್ಯಾನು ಎಲ್ಲಿಂದ ಬರುತ್ತೆ? ಬೀದಿಯಿಂದ ರಿವರ್ಸಿನಲ್ಲಾ? "ನೀನು ರಿವರ್ಸಿನಲ್ಲಿ ಬರ್ತೀಯಾ? ಆ ಗೋಡೆ ನಿನ್ನ ಕೈಲಿ ಪಟ್ಟ ಪಾಡು ಸಾಲದಾ? ಹಿಂದಿನ ಓಣಿಯಿಂದ ಮುಂದಕ್ಕೆ ಬಾ, ಒಳಗೇ ತಿರುಗಿಸಿಕೊಂಡು ಮುಂದಕ್ಕೇ ಹೋಗು. ಅದಕ್ಕೆ ಅಂಗಳ ಬಿಡು." ಅಂಗಡಿಯ ಮುಂದೆ ನಾಲ್ಕು ಮೇಜು ಹಾಕಿ ಟೀ ಮಾರುವ ಆಸೆ ಬ್ರೆಡ್ಡಿನವನಿಗಿತ್ತು. ಅಂಗಳ ಬಿಟ್ಟರೆ ಅದಕ್ಕೆ ಜಾಗವಿಲ್ಲ. ಅವನು ಹೆಂಡತಿಯ ಮುಖ ನೋಡಿದ, ಅವಳು ತಲೆಯಾಡಿಸಿದಳು. "ಆಗಲಿ ಅಕ್ಕ" ಎಂದ. ಹಿಂದಿನ ಸಾಲಿನಲ್ಲಿ ಟೈಲರಮ್ಮ ಕೈ ಕಟ್ಟಿ ಕೂತಿದ್ದಳು.

ಮತ ಕೇಳುವ ಹೊತ್ತು ಬಂತು. ಬ್ರೇಕಕ್ಕನಿಗೆ ಒಳಗೊಳಗೇ ಒಂದು ಆಸೆ. ಇಬ್ಬರೂ ಒಪ್ಪಿಬಿಡಲಿ, ತನ್ನ ಮಾತು ಲೆಕ್ಕಕ್ಕೇ ಬರದಿರಲಿ, ಆಗ ಜಾಗ ಕಳೆದದ್ದು ತಾನಲ್ಲ ಎಂದಾದರೂ ಇರುತ್ತದೆ. ಪೋಸ್ಟ್‌ಮಾಸ್ಟರು ಎಂದಿಲ್ಲದ ಹಾಗೆ ನೇರವಾಗಿ "ಆಗಬಹುದು" ಎಂದರು. ಔಷಧಿ ಅಂಗಡಿಯವರು ಓಣಿ ಕಿರಿದು, ಆಂಬುಲೆನ್ಸಿಗೆ ತೊಂದರೆ ಎಂದು "ಬೇಡ" ಎಂದರು. ಈ ಸಲ ಯೋಚಿಸಿದ ಮೇಲೂ ಬೇಡ ಎಂದೇ ಹೇಳಿದರು.

ಒಂದು ಕಡೆ ಒಂದು, ಇನ್ನೊಂದು ಕಡೆ ಒಂದು. ಬೇಡ ಎನ್ನುವುದು ಎಷ್ಟು ಸುಲಭವಿತ್ತು. ಕಾರಣವೂ ಸಿದ್ಧವಾಗಿತ್ತು, ಓಣಿ ಕಿರಿದು ಎಂಬುದು ಸುಳ್ಳೂ ಅಲ್ಲ. ಅವಳ ಮನಸ್ಸಿನ ತುಂಬ ಆ ಬಯಲು. ಅಲ್ಲಿ ಕಾರು ಮೊದಲ ಸಲ ಆಫ್ ಆಗದೆ ಮುಂದಕ್ಕೆ ಹೋದಾಗ ಒಬ್ಬೊಬ್ಬರ ಮುಖ ಹೇಗಾಗುತ್ತಿತ್ತು ಎಂಬುದು. ಅದನ್ನು ನೋಡುವುದೇ ಅವಳ ಸುಖವಾಗಿತ್ತು, ದುಡಿಮೆ ಆಮೇಲಿನ ಮಾತು. ಆದರೆ ಇದೇ ಅರ್ಜಿ ಊರಿನ ಬೇರೆ ಯಾವ ಮೂಲೆಯಿಂದ, ಇದೇ ಚಿಮಣಿ ಇದೇ ಅಂಗಳದ ಜೊತೆ ಬಂದಿದ್ದರೂ ತಾನು ಏನು ಹೇಳುತ್ತಿದ್ದೆ ಎಂಬುದು ಅವಳಿಗೆ ಗೊತ್ತಿತ್ತು.

"ಆಗಬಹುದು" ಎಂದು ಕೈ ಎತ್ತಿದಳು.

ಮೆಟ್ಟಿಲಿಳಿದು ಮನೆಗೆ ಬಂದವಳೇ ಅಡುಗೆಮನೆಯಲ್ಲಿ ಕೂತು ಮನಸಾರೆ ಅತ್ತಳು. ಗಂಡ ಪಕ್ಕದಲ್ಲಿ ನೆಲದ ಮೇಲೆ ಕೂತ. ಅತ್ತೆ ಸ್ವಲ್ಪ ಹೊತ್ತು ಬಿಟ್ಟು, "ಅತ್ತಿದ್ದು ಮುಗಿದ್ರೆ ಬಾ, ಬೆಳಗ್ಗಿಂದ ಜಗಳ ಬಾಕಿ ಇದೆ" ಎಂದು ಕೋಣೆಯಿಂದ ಕರೆದರು. ಮಾರನೆಯ ದಿನ ಬ್ರೆಡ್ಡಿನವನು ಬಿಸಿ ಬ್ರೆಡ್ಡು ಕಳಿಸಿದ. ಲಂಚ, ವಾಪಸ್ ಕಳಿಸಿ ಎಂದು ಬ್ರೇಕಕ್ಕ ಸಿಡಿದಳು. "ಮುಂಚೆ ಕೊಟ್ರೆ ಲಂಚ, ಆಮೇಲೆ ಕೊಟ್ರೆ ತಿಂಡಿ" ಎಂದು ಅತ್ತೆ ಅಷ್ಟರಲ್ಲಿ ಒಂದು ತುಂಡು ಮುರಿದು ಟೀಯಲ್ಲಿ ಅದ್ದಿಯಾಗಿತ್ತು.

ಡಿಪೋ ಜಾಗಕ್ಕೆ ಬೇಲಿ ಬಿತ್ತು, ಪಾಯ ತೋಡಿದರು. ಬ್ರೇಕಕ್ಕ ಹೆದರಿದ್ದು ಸುಳ್ಳಾಗಲಿಲ್ಲ. ಹೊಸಬರು ಸೇರುವುದು ನಿಂತಿತು. ಒಬ್ಬಿಬ್ಬರು ಬಂದು ಕೇಳಿ, ಮೊದಲ ದಿನವೇ ರಸ್ತೆಗೆ ಎಂದ ಕೂಡಲೇ ಆಮೇಲೆ ಬರುತ್ತೇವೆ ಎಂದು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಕಾರು ಮನೆಯ ಮುಂದೆ ನಿಂತೇ ಇತ್ತು. ಬಿಚ್ಚಿ ಕೂರಲು ಕೆಟ್ಟ ಕ್ಲಚ್ಚೂ ಇಲ್ಲದೆ ಗಂಡ ಸುಮ್ಮನೆ ಗಾಜು ಒರೆಸುತ್ತಿದ್ದ.

ಆಮೇಲೆ ಆಸ್ಪತ್ರೆಗೆ ಹೊಸದಾಗಿ ಬಂದ ಒಬ್ಬ ನರ್ಸಮ್ಮ ಬಂದಳು. ಬೇರೆ ಊರಿನವಳು, ಬಯಲಿನ ಕಥೆ ಅವಳಿಗೆ ಗೊತ್ತಿರಲಿಲ್ಲ. ಕಾರು ಕಲ್ತುಕೊಳ್ಳಲೇಬೇಕು, ಎಲ್ಲಿ ಕಲಿಸಿದರೂ ಸರಿ ಎಂದಳು. ಬ್ರೇಕಕ್ಕ ಆದಷ್ಟು ಖಾಲಿ ಬೀದಿಗಳನ್ನು ಆರಿಸಿಕೊಂಡು ಹೊರಟಳು. ಆದರೆ ಊರು ಚಿಕ್ಕದು, ಯಾವ ಬೀದಿ ಹಿಡಿದರೂ ಕೊನೆಗೆ ಮಾರ್ಕೆಟ್ ಸರ್ಕಲ್ಲಿಗೇ ಬರಬೇಕು. ಸರಿಯಾಗಿ ಸರ್ಕಲ್ಲಿನ ನಟ್ಟನಡುವೆ ಕಾರು ಒಂದು ಸಲ ಗುಟುರು ಹಾಕಿ ನಿಂತುಹೋಯಿತು.

ನರ್ಸಮ್ಮ ಕೀ ತಿರುಗಿಸಿದಳು, ಕಾಲು ತೆಗೆದಳು, ಕಾರು ಜಿಗಿದು ಮತ್ತೆ ಆಫ್ ಆಯಿತು. ಹಿಂದೆ ಬಸ್ಸು. ಅದರ ಹಿಂದೆ ಲಾರಿ. ಎಡಗಡೆ ಡಾಕ್ಟರ ಕಾರು, ಬಲಗಡೆ ಬ್ಯಾಂಕಿನವರು, ಎದುರಿಗೆ ಔಷಧಿ ಅಂಗಡಿಯವರ ಸ್ಕೂಟರು, ಅದಕ್ಕೆ ಒರಗಿದ ಹಾಗೆ ಕಂಟ್ರಾಕ್ಟರ ಜೀಪು. ನಾಲ್ಕೂ ರಸ್ತೆ ಕಟ್ಟಿಕೊಂಡವು. ಇನ್ನೇನು ಶುರುವಾಗುತ್ತದೆ ಎಂದು ನರ್ಸಮ್ಮ ಭುಜ ಕುಗ್ಗಿಸಿ, ಕಣ್ಣು ಮುಚ್ಚಿ ಕೂತಳು.

ಏನೂ ಶುರುವಾಗಲಿಲ್ಲ. ಬಸ್ಸಿನ ಡ್ರೈವರ್ ಇಂಜಿನ್ ಆರಿಸಿ ಸ್ಟಿಯರಿಂಗಿನ ಮೇಲೆ ಕೈ ಊರಿ ಕೂತ. ಲಾರಿಯವನೂ ಆರಿಸಿದ. ಡಾಕ್ಟರು ಕಿಟಕಿ ಇಳಿಸಿ, ಕ್ಲಚ್ಚಿನ ಮೇಲಿನ ಪಾದವನ್ನು ನಿಧಾನವಾಗಿ ಬಿಡು ಎಂಬಂತೆ ಅಂಗೈಯನ್ನು ಮೆಲ್ಲಗೆ ಮೇಲಕ್ಕೆ ಎತ್ತಿ ತೋರಿಸಿದರು. ಬ್ರೇಕಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಒಬ್ಬೊಬ್ಬರೂ ಅವಳ ಪಕ್ಕದ ಸೀಟಿನಲ್ಲಿ ಬೆವರಿದವರು, ಹೀಗೇ ಆಫ್ ಮಾಡಿಕೊಂಡು ಅಳುವ ಹಾಗಾದವರು. ಇಡೀ ಊರೇ ಜಾಗ ಬಿಟ್ಟುಕೊಟ್ಟು ಕಾಯುತ್ತಿತ್ತು.

ನರ್ಸಮ್ಮ ಒಂದು ಕಣ್ಣು ತೆರೆದಳು. "ಮೇಡಂ, ಈ ಊರಲ್ಲಿ ಯಾರ ಗಾಡೀಲೂ ಹಾರ್ನ್ ಇಲ್ವಾ?"

"ಇದೆ" ಎಂದಳು ಬ್ರೇಕಕ್ಕ. "ಅವಸರ ಇಲ್ಲ, ಇನ್ನೊಂದು ಸಲ ಸ್ಟಾರ್ಟ್ ಮಾಡಿ."